ಯುಕುಲೇಲೆ ಡೈರಿ 7: ಅಜ್ಜಿಯ ಶ್ರುತಿ

ಹಬ್ಬಕ್ಕೆ ಯುಕುಲೇಲೆ ಕಲೀತಿದ್ದೀರಾ? ಸಿ, ಎಫ್, ಜಿ7 ಈ ಮೂರು ಕಾರ್ಡ್ ಬಂದ್ರೆ ‘ಹ್ಯಾಪಿ ಬರ್ತ್‌ಡೇ’ ಪೂರ್ತಿ ನುಡಿಸಬಹುದು. ಸಿ ಕಾರ್ಡಿಗಂತೂ ಒಂದೇ ಬೆರಳು ಸಾಕು: ಎ ತಂತಿ, ಮೂರನೇ ಫ್ರೆಟ್.

ಆದ್ರೆ ಶುರು ಮಾಡೋ ಮುಂಚೆ ಹಾಡೋರನ್ನ ಒಂದು ಮಾತು ಕೇಳಿ: “ಶ್ರುತಿ ಸರಿಯಾಗಿದ್ಯಾ?”

ನಮ್ಮಜ್ಜಿ ದನಿ ಮೇಲೇರಲ್ಲ ಅಂತ ಗೌರಿ ಹಬ್ಬಕ್ಕೆ ಆರತಿ ಹಾಡೋದನ್ನೇ ಬಿಟ್ಟಿದ್ರು. ಅವರ ಹಾಡಿಗೂ ಇದೇ ಮೂರು ಕಾರ್ಡ್ ಸಾಕು. ಈ ಸಲ ಸಿ ಬದಲು ಎ, ಎಫ್ ಬದಲು ಡಿ, ಜಿ7 ಬದಲು ಇ7 ಹಿಡಿದೆ. ಮೂರು ಫ್ರೆಟ್‌ನಷ್ಟು ಶ್ರುತಿ ಇಳೀತು. ಅಜ್ಜಿ ಪೂರ್ತಿ ಹಾಡಿದ್ರು.

ಕೊನೇ ಎರಡು ನುಡಿ ಮನೇಲಿ ಬೇರೆ ಯಾರಿಗೂ ಬರಲ್ಲ. ಈಗ ಬರ್ಕೊಂಡಿದ್ದೀನಿ.

ನಿಮ್ಮ ಮನೇಲಿ ಹಾಡೋದು ನಿಲ್ಲಿಸಿದವರು ಯಾರಿದ್ದಾರೆ?