ಡೆಲವೇರ್ ನದಿಯ ಎರಡು ದಡಗಳು

ಮಗಳು ಅಳಿಯಂದಿರ ಬಲವಂತಕ್ಕೆ ಕಟ್ಟುಬಿದ್ದು ನಾವು 2024ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಹೋಗಿ, ಐದು ತಿಂಗಳ ಕಾಲ ಅಲ್ಲಿದ್ದು ಬಂದೆವು. ನಯಾಗರಾ ಜಲಪಾತವನ್ನೂ ನ್ಯೂಯಾರ್ಕ್ ನಗರದ ಗಗನಚುಂಬಿ ಸೌಧಗಳನ್ನೂ ಕುರಿತು ವಾಚಕ ಮಹಾಶಯರು ಬೇಕಾದಷ್ಟು ಓದಿರುವರು. ಆದುದರಿಂದ ಅವನ್ನು ಬಿಟ್ಟು, ದಿನವೂ ಬೆಳಗ್ಗೆ ನಾವು ನಡೆದಾಡುತ್ತಿದ್ದ ಒಂದು ಸೇತುವೆಯ ವಿಷಯವಾಗಿ ನಾಲ್ಕು ಮಾತು ಬರೆಯುವೆವು.

ನಮ್ಮ ಮಗಳ ಮನೆಯಿರುವುದು ನ್ಯೂಜೆರ್ಸಿ ಸಂಸ್ಥಾನದ ಪಡುವಣ ಅಂಚಿನಲ್ಲಿರುವ ಫಿಲಿಪ್ಸ್‌ಬರ್ಗ್ ಎಂಬ ಊರಿನಲ್ಲಿ. ಊರ ಮಗ್ಗುಲಲ್ಲೇ ಡೆಲವೇರ್ ನದಿ ಹರಿಯುವುದು. ಆಚೆಯ ದಡವೇ ಪೆನ್ಸಿಲ್ವೇನಿಯಾ ಸಂಸ್ಥಾನ. ಅಲ್ಲಿ ಈಸ್ಟನ್ ಎಂಬ ಪಟ್ಟಣ. ಎರಡೂರಿಗೂ ನಡುವೆ 1896ರಲ್ಲಿ ಕಟ್ಟಿದ ಉಕ್ಕಿನ ಸೇತುವೆಯೊಂದು ಇದೆ. ಮುದಿ ಕಾಲಿನ ನಾವೂ ಅದನ್ನು ಮೂರು ನಿಮಿಷದಲ್ಲಿ ದಾಟುತ್ತಿದ್ದೆವು. ಈಸ್ಟನ್ನಿನ ಚೌಕದಲ್ಲಿ 1776ರ ಜುಲೈ 8ರಂದು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಜನರ ಮುಂದೆ ಓದಿದರಂತೆ. ನಮ್ಮ ಮೊಮ್ಮಗನಿಗೆ ಅದರ ಗೊಡವೆಯಿಲ್ಲ. ಮಕ್ಕಳು ಬಣ್ಣ ಹಚ್ಚುವ ಕ್ರೇಯೋಲಾ ಕಡ್ಡಿಗಳ ಮನೆ ಆ ಚೌಕದಲ್ಲೇ ಇರುವುದರಿಂದ ಅವನಿಗೆ ಈಸ್ಟನ್ ಎಂದರೆ ಅದೊಂದೇ.

ನಾವು ಹೋದ ಹೊಸದರಲ್ಲಿ ಮನೆಯೊಳಗೆ ಒಂದು ವಿಚಾರ ನಡೆದಿತ್ತು. ಬೀದಿಯ ಕೊನೆಯ ಮನೆಯಲ್ಲಿ ಕಳ್ಳತನವಾಗಿ, ಅಳಿಯಂದಿರು ಒಂದು ಪಿಸ್ತೂಲು ಕೊಳ್ಳಬೇಕೆಂದು ಮನಸ್ಸು ಮಾಡಿದ್ದರು. ಅವರಿಗೆ ಅಲ್ಲಿ ಕಾಯಂ ನೆಲೆಸುವ ಅನುಮತಿ ಇರುವುದರಿಂದ ಕಾನೂನಿನ ಅಡ್ಡಿ ಇಲ್ಲ. ಮಗಳು ಮಾತ್ರ ಬಿಲ್‌ಕುಲ್ ಒಪ್ಪಲಿಲ್ಲ. "ಮಾವನವರೇ, ತಾವು ಕೊಡಗಿನಲ್ಲಿ ಇದ್ದವರು, ಕೋವಿ ಕಂಡವರು; ತಾವೇ ಹೇಳಬೇಕು" ಎಂದು ಅಳಿಯಂದಿರು ತೀರ್ಪನ್ನು ನಮ್ಮ ತಲೆಗೆ ಕಟ್ಟಿದರು. ನಾವು ವ್ಯಾಕರಣ ಕಲಿಸಿದವರೇ ಹೊರತು ಕೋವಿ ಹಿಡಿದವರಲ್ಲ. ಕಣ್ಣಾರೆ ಕಂಡು ಹೇಳುವೆವೆಂದು ಒಂದಷ್ಟು ದಿನದ ವಾಯಿದೆ ಪಡೆದೆವು.

ಆಯುಧಪೂಜೆ ಕಳೆದ ಮರುವಾರ ಅಳಿಯಂದಿರು ನಮ್ಮನ್ನು ಈಸ್ಟನ್ನಿಗೆ ಸಮೀಪದ ನಾಜರೆತ್ ಎಂಬ ಊರಿನ ಕಡೆಗೆ ಕರೆದೊಯ್ದರು. ಗಿಟಾರು ವಾದ್ಯಗಳಿಗೆ ಹೆಸರಾದ ಮಾರ್ಟಿನ್ ಕಾರ್ಖಾನೆ ಇರುವುದು ಅದೇ ಊರಿನಲ್ಲಿ. ಅಲ್ಲಿಂದ ಅನತಿ ದೂರದಲ್ಲಿ ಬುಷ್‌ಕಿಲ್ ಎಂಬ ಹಳ್ಳದ ದಡದ ಬೋಲ್ಟನ್ ಎಂಬಲ್ಲಿ, ಹೆನ್ರಿ ಮನೆತನದವರು 1812ರ ಸುಮಾರಿಗೆ ಕೋವಿಯ ಕಾರ್ಖಾನೆ ಕಟ್ಟಿದ್ದರು. ಆ ಮನೆತನದ ಕೋವಿಗಳು ತುಪ್ಪಳದ ವ್ಯಾಪಾರಿಗಳ ಕೈ ಸೇರಿ ಪಶ್ಚಿಮದ ಕಾಡುಗಳವರೆಗೂ ಹೋದುವಂತೆ. ಈಗ ಅಲ್ಲೊಂದು ವಸ್ತುಸಂಗ್ರಹಾಲಯವಿದೆ. ಸಾಲಾಗಿ ನಿಲ್ಲಿಸಿದ ಉದ್ದನಳಿಗೆಯ ಕೋವಿಗಳ ಮುಂದೆ ನಾವು ಬಹಳ ಹೊತ್ತು ನಿಂತೆವು. ಜರ್ಮನಿಯಿಂದ ಬಂದು ಈ ಸೀಮೆಯಲ್ಲಿ ನೆಲೆಸಿದ ಕಮ್ಮಾರರು ಹದಿನೆಂಟನೆಯ ಶತಮಾನದಲ್ಲಿ ರೂಪಿಸಿದ ಜಾತಿ ಇದು. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರು ಕೊರೆದಿರುವರು. ಗುಂಡು ಆ ಗೀರಿನಲ್ಲಿ ತಿರುಗುತ್ತ ಹೊರಟು ನೇರವಾಗಿ ಹಾರುವುದು. ಹಿಡಿಯ ಮರ ಮೇಪಲ್. ಅದರ ನಾರು ನೀರಿನ ಅಲೆಯಂತೆ ಹೊಳೆಯುವುದು. ವೀಣೆಯನ್ನು ಮಾಡುವವನ ಶ್ರದ್ಧೆಯೇ ಅದರಲ್ಲಿ ಕಂಡಿತೆಂದರೆ ವಾಚಕರು ನಗಬಾರದು.

ಅಲ್ಲಿ ನಮಗೆ ಸಂಗಡಿಗರಾಗಿದ್ದವರು ಅಳಿಯಂದಿರ ಕಚೇರಿಯ ಒಬ್ಬ ಹಿರಿಯರು; ನಾಜರೆತ್ ಕಡೆಯವರೇ, ಮೂರು ತಲೆಮಾರಿನ ಬೇಟೆಗಾರರು. ಮನೆಗೆ ಕರೆದೊಯ್ದು, ಕಬ್ಬಿಣದ ಕಪಾಟಿನ ಬೀಗ ತೆಗೆದು ತೋರಿಸಿದರು. ಏಳೋ ಎಂಟೋ ಇದ್ದುವು. ಅವರ ಪ್ರೀತಿಯದು ತಂದೆಯಿಂದ ಬಂದ ರೆಮಿಂಗ್ಟನ್ 760. ನಳಿಗೆಯ ಕೆಳಗಿನ ಮರದ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ನೂಕಿದರೆ ಮುಂದಿನ ತೋಟಾ ಏರುವುದು. ತಾನಾಗಿಯೇ ತೋಟಾ ಏರಿಸಿಕೊಳ್ಳುವ ರೈಫಲಿನಿಂದ ಜಿಂಕೆ ಹೊಡೆಯುವುದು ಪೆನ್ಸಿಲ್ವೇನಿಯಾದಲ್ಲಿ ನಿಷಿದ್ಧ. ಆದುದರಿಂದಲೇ ಕೈಯಿಂದ ಎಳೆಯುವ ಈ ಕೋವಿಗೆ ಇಲ್ಲಿ ಇಷ್ಟೊಂದು ಮನ್ನಣೆ. ಯಂತ್ರಗಳನ್ನು ದೂರವಿಟ್ಟು ಕುದುರೆಬಂಡಿಯಲ್ಲೇ ಓಡಾಡುವ ಆಮಿಷ್ ಪಂಥದವರು ಆ ಸೀಮೆಯಲ್ಲಿ ಇರುವರು. ಈ ರೈಫಲಿಗೆ ಹಾಸ್ಯವಾಗಿ 'ಆಮಿಷರ ಮೆಷಿನ್‌ಗನ್' ಎಂದೇ ಅಡ್ಡಹೆಸರು! ಕಾನೂನು ಜನರ ಪ್ರೀತಿಯನ್ನೂ ತಿದ್ದುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಲಿಲ್ಲ. ನದಿಯಾಚೆ ನ್ಯೂಜೆರ್ಸಿಯಲ್ಲಾದರೋ ಜಿಂಕೆಬೇಟೆಗೆ ರೈಫಲೇ ಸಲ್ಲದು. ಜನ ದಟ್ಟವಾಗಿರುವ ನಾಡಾದುದರಿಂದ, ದೂರ ಹಾರುವ ಗುಂಡು ಬೇಡವೆಂದು, ತೋಟೆಕೋವಿ, ಬಾಯಿಂದ ಮದ್ದು ಜಡಿಯುವ ಕೋವಿ, ಬಿಲ್ಲುಬಾಣ ಇವಿಷ್ಟೇ. ಜಿಂಕೆಗಳು ಮಾತ್ರ ಎರಡು ದಡದಲ್ಲಿಯೂ ಒಂದೇ ಜಾತಿಯವು.

ಆ ಮಹಾಶಯರು ಸಂತೋಷದಿಂದ ರೈಫಲನ್ನು ನಮ್ಮ ಕೈಗೆ ನೀಡಬಂದರು. ಅಳಿಯಂದಿರು ತಡೆದರು. ತಾತ್ಕಾಲಿಕ ಅನುಮತಿಯ ಮೇಲೆ ಬಂದ ವಿದೇಶೀಯರು ಕೋವಿ ಹೊಂದುವುದು ಅಮೆರಿಕದ ಕೇಂದ್ರಶಾಸನದಂತೆ ಅಪರಾಧ. ಬೇಟೆಯ ಲೈಸೆನ್ಸು ಪಡೆದವರಿಗೂ ಇನ್ನು ಕೆಲವರಿಗೂ ಮಾತ್ರ ವಿನಾಯಿತಿ. ನಾವು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆಗೆ ಬಂದ ಇನ್‌ಸ್ಪೆಕ್ಟರರಂತೆ ನೋಡುತ್ತ ನಿಂತೆವು.

ನಮಗೆ ಆಗ ವಿರಾಜಪೇಟೆಯ ಕಡೆಯ ದಿನಗಳು ನೆನಪಾದುವು. 1990ರ ಸುಮಾರಿಗೆ ನಾವು ಆ ತಾಲ್ಲೂಕಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು. ಸೆಪ್ಟೆಂಬರಿನಲ್ಲಿ ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್ ಮುಹೂರ್ತದ ದಿನ ಶಿಷ್ಯರ ಮನೆಗೆ ಊಟಕ್ಕೆ ಹೋಗುವೆವು. ನಡುಮನೆಯ ದೀಪದ ಮುಂದೆ ಕೋವಿಯನ್ನೂ ಒಡಿಕತ್ತಿಯನ್ನೂ ಇಟ್ಟು, ಕೋವಿಯ ಬಾಯಿಗೆ ಕೆಂಪು ಹಳದಿ ಬೆರೆತ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುವರು. ಗಂಡುಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಎರಡು ಗುಂಡು. ಅದನ್ನು ಕೇಳಿ ನೆರೆಯವರು ಬರುವರು. 1861ರಲ್ಲಿ ಆಂಗ್ಲ ಅಧಿಕಾರಿಗಳು ಕೊಡವರಿಗೆ ಕೊಟ್ಟ ವಿನಾಯಿತಿ ಇಂದಿಗೂ ಊರ್ಜಿತದಲ್ಲಿರುವುದು. ಕೊಡವರೂ ಜಮ್ಮಾ ಹಿಡುವಳಿದಾರರೂ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳಬಹುದೆಂಬುದನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಉಳಿದ ಭಾರತಕ್ಕೆಲ್ಲ 1959ರ ಆಯುಧ ಶಾಸನ ಒಂದೇ. ದೇಶಧರ್ಮ, ಕುಲಧರ್ಮ ಎಂದು ನಮ್ಮ ಧರ್ಮಶಾಸ್ತ್ರಕಾರರು ಬೇರೆ ಬೇರೆ ಹೆಸರಿಟ್ಟು, ಅರಸನು ಎರಡನ್ನೂ ಅರಿತು ನಡೆಯಬೇಕೆಂದಿರುವರು. ಕೊಡಗಿನದು ಹೆಚ್ಚು ಕಡಿಮೆ ಕುಲಧರ್ಮ. ಅಮೆರಿಕದಲ್ಲಿ ಕಂಡದ್ದು ಅಪ್ಪಟ ದೇಶಧರ್ಮ. ದೇಶವೆಂದರೆ ಸೇತುವೆಯ ನಡುವಿಗೆ ಮುಗಿಯುವ ದೇಶ.

1791ರಲ್ಲಿ ಅವರ ರಾಜ್ಯಾಂಗಕ್ಕೆ ಸೇರಿದ ಎರಡನೆಯ ತಿದ್ದುಪಡಿಯು ಆಯುಧ ಹೊಂದುವ ಹಕ್ಕನ್ನು ಜನರಿಗೆ ಕಾದಿರಿಸಿದೆ. ಅದು ಎಲ್ಲರಿಗೂ ಒಂದೇ. ಆದರೆ ಅದರ ಕೆಳಗೆ ಐವತ್ತು ಸಂಸ್ಥಾನಗಳ ಐವತ್ತು ಶಾಸನ. ಪೆನ್ಸಿಲ್ವೇನಿಯಾದ ಸ್ವಂತ ಸಂವಿಧಾನದಲ್ಲಿಯೂ 1776ರಿಂದ ಆ ಹಕ್ಕು ಉಂಟು. ನ್ಯೂಜೆರ್ಸಿಯ ಸಂವಿಧಾನದಲ್ಲಿ ಅದರ ಸೊಲ್ಲೇ ಇಲ್ಲ. ಆಚೆಯ ದಡದಲ್ಲಿ ರೈಫಲು ಕೊಳ್ಳಲು ಪರವಾನಗಿ ಬೇಡ. ಅಂಗಡಿಯವನು ಗಿರಾಕಿಯ ಪೂರ್ವಚರಿತ್ರೆಯನ್ನು ಪೊಲೀಸರಲ್ಲಿ ವಿಚಾರಿಸಿದರೆ ಸಾಕು. ಪಿಸ್ತೂಲನ್ನು ಮರೆಯಾಗಿ ಒಯ್ಯಲು, 21 ತುಂಬಿ ದೋಷವಿಲ್ಲದವನಾದರೆ ಷೆರೀಫನು 45 ದಿನದೊಳಗೆ ಲೈಸೆನ್ಸು ಕೊಡಬೇಕು. ಈಚೆಯ ದಡದಲ್ಲಿ ಮೊದಲು ಗುರುತಿನ ಚೀಟಿ, ಬೆರಳಚ್ಚು, ನಡತೆಗೆ ಸಾಕ್ಷಿ ಹೇಳುವ ಇಬ್ಬರು. ಪ್ರತಿಯೊಂದು ಪಿಸ್ತೂಲಿಗೂ ಬೇರೆ ಪರವಾನಗಿ. ಹತ್ತಕ್ಕಿಂತ ಹೆಚ್ಚು ತೋಟಾ ಹಿಡಿಯುವ ಮ್ಯಾಗಜೀನು ನಿಷಿದ್ಧ. ಮರೆಯಾಗಿ ಒಯ್ಯುವ ಅನುಮತಿಯಂತೂ 'ತಕ್ಕ ಕಾರಣ' ತೋರಿಸಲಾರದ ಸಾಮಾನ್ಯರಿಗೆ ಗಗನಕುಸುಮವೇ ಆಗಿತ್ತು. 2022ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಥ ಕಾರಣ ಕೇಳುವುದು ಸಲ್ಲದೆಂದ ಮೇಲೆ ಬಾಗಿಲು ತೆರೆಯಿತು. ಇನ್ನು, 2024ರ ಹೊತ್ತಿಗೆ 29 ಸಂಸ್ಥಾನಗಳಲ್ಲಿ ಒಯ್ಯಲು ಯಾವ ಪರವಾನಗಿಯೂ ಬೇಡವಾಗಿತ್ತು!

ಇದರಿಂದ ಒದಗುವ ಸಂಕಟಕ್ಕೆ ಒಂದು ದೃಷ್ಟಾಂತ. 2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ಹೆಂಗಸು, ಎರಡು ಮಕ್ಕಳ ತಾಯಿ, ಎರಡು ಬಾರಿ ಸುಲಿಗೆಗೆ ಸಿಕ್ಕಿದ ಮೇಲೆ ಪೆನ್ಸಿಲ್ವೇನಿಯಾದ ಲೈಸೆನ್ಸು ಪಡೆದು ಪಿಸ್ತೂಲು ಕೊಂಡಿದ್ದಳು. ನ್ಯೂಜೆರ್ಸಿಯ ರಸ್ತೆಯಲ್ಲಿ ಪೊಲೀಸನು ಅವಳ ಕಾರನ್ನು ತಡೆದನು. ಅವಳೇ ಸತ್ಯವಾಗಿ ಪಿಸ್ತೂಲಿರುವುದನ್ನು ತಿಳಿಸಿ ಲೈಸೆನ್ಸನ್ನೂ ತೋರಿಸಿದಳು. ಈಚೆಯ ಸಂಸ್ಥಾನದಲ್ಲಿ ಆ ಲೈಸೆನ್ಸಿಗೆ ಕಾಗದದ ಬೆಲೆಯೂ ಇಲ್ಲ. ಅವಳು ಕೆಲವು ವಾರ ಸೆರೆಯಲ್ಲಿದ್ದಳು. ಕನಿಷ್ಠ ಮೂರು ವರ್ಷದ ಶಿಕ್ಷೆ ತಲೆಯ ಮೇಲೆ ತೂಗಿತು. ಕೊನೆಗೆ 2015ರಲ್ಲಿ ಗವರ್ನರು ಕ್ಷಮಾದಾನವಿತ್ತರು. ಕೋವಿಯ ವಿಷಯದಲ್ಲಿ ವಾಚಕರ ಅಭಿಪ್ರಾಯ ಏನೇ ಇರಲಿ, ಸತ್ಯ ನುಡಿದದ್ದಕ್ಕೆ ಸೆರೆಯಾದ ತಾಯಿಯ ವಿಷಯದಲ್ಲಿ ನಮ್ಮ ಮನಸ್ಸು ಮರುಗಿತು.

ದೀಪಾವಳಿಯ ಔತಣಕ್ಕೆ ಮಗಳು ನಾಜರೆತ್ತಿನ ಹಿರಿಯರನ್ನು ಕರೆದಿದ್ದಳು. ಗಡಿಯಾರ ತಪ್ಪದ ಮನುಷ್ಯರು ಅಂದು ಮುಕ್ಕಾಲು ಗಂಟೆ ತಡವಾಗಿ ಬಂದರು. ಒಬ್ಬಟ್ಟು ಆರಿಹೋಯಿತೆಂದು ಮಗಳು ಗೊಣಗಿದಳು. ಕಾರಣ ಕೇಳಿದರೆ, ಸೇತುವೆಯ ಬುಡದವರೆಗೆ ಬಂದ ಮೇಲೆ ಸೊಂಟದಲ್ಲಿ ಪಿಸ್ತೂಲಿರುವುದು ನೆನಪಾಗಿ, ಮನೆಗೆ ಹಿಂದಿರುಗಿ ಇಟ್ಟು ಬಂದರಂತೆ. ಇಪ್ಪತ್ತು ವರ್ಷದಿಂದ ದಿನವೂ ಧರಿಸುವುದು. ಜನಿವಾರದಂತೆ ಅದು ಮೈಮೇಲಿದ್ದುದೇ ಮರೆತಿತ್ತು. ಮೂರು ನಿಮಿಷ ಮುಂದೆ ಬಂದಿದ್ದರೆ ಅವರು ನಮ್ಮ ಅತಿಥಿಯಲ್ಲ, ಅಪರಾಧಿ. "ಮನೆಯಲ್ಲಿ ತಂದೆಯ ರೈಫಲುಗಳಿರುವಾಗ ಇದೇಕೆ?" ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ರೈಫಲು ಜಿಂಕೆಗೆ, ಇದು ಮನುಷ್ಯನಿಗೆ" ಎಂದರು. 2023ರಲ್ಲಿ ಪ್ಯೂ ಸಂಶೋಧನಾ ಸಂಸ್ಥೆಯವರು ನಡೆಸಿದ ವಿಚಾರಣೆಯಲ್ಲಿ, ಕೋವಿ ಇಟ್ಟುಕೊಂಡವರಲ್ಲಿ ನೂರಕ್ಕೆ 72 ಮಂದಿ ಆತ್ಮರಕ್ಷಣೆಯೇ ಮುಖ್ಯ ಕಾರಣಗಳಲ್ಲೊಂದೆಂದರಂತೆ. ಬೇಟೆ ಎಂದವರು 32 ಮಂದಿ.

ನವೆಂಬರು 30ರಂದು ಜಿಂಕೆಯ ರೈಫಲುಬೇಟೆ ಆರಂಭವಾಯಿತು. ಹಿಂದೆ ಅದು ಸೋಮವಾರ ಆರಂಭವಾಗುತ್ತಿದ್ದು, ಪೆನ್ಸಿಲ್ವೇನಿಯಾದ ಹಳ್ಳಿಶಾಲೆಗಳಿಗೆ ಅಂದು ರಜೆ. ತಂದೆಯೊಡನೆ ಮಕ್ಕಳು ಕಾಡಿಗೆ ಹೋಗುವರು. 2019ರಲ್ಲಿ ಆರಂಭವನ್ನು ಶನಿವಾರಕ್ಕೆ ಸರಿಸಿದರೂ ಆ ಸೋಮವಾರದ ರಜೆಯನ್ನು ಎಷ್ಟೋ ಶಾಲೆಗಳು ಬಿಟ್ಟಿಲ್ಲ. ಕೊಡಗಿನ ಹಬ್ಬದ ರಜೆ ಕಂಡ ನಮಗೆ ಇದು ವಿಚಿತ್ರವೆನಿಸಲಿಲ್ಲ.

ವಿಚಿತ್ರವೆನಿಸಿದ್ದು ಇನ್ನೊಂದು. ಡಿಸೆಂಬರಿನ ಒಂದು ಸಂಜೆ ಎರಡನೆಯ ತರಗತಿಯ ಮೊಮ್ಮಗ ಊಟದ ಮೇಜಿನ ಕೆಳಗೆ ಸದ್ದಿಲ್ಲದೆ ಮುದುಡಿ ಕುಳಿತಿದ್ದ. ಏನೆಂದು ಕೇಳಿದರೆ ಬಾಯಿಗೆ ಬೆರಳಿಟ್ಟು, "ತಾತ, ಮಾತಾಡಬಾರದು, ಡ್ರಿಲ್" ಎಂದ. ನ್ಯೂಜೆರ್ಸಿಯ ಶಾಲೆಗಳಲ್ಲಿ 2010ರಿಂದ ತಿಂಗಳಿಗೊಮ್ಮೆ ಬೆಂಕಿಯ ಅಭ್ಯಾಸದಂತೆ ರಕ್ಷಣೆಯ ಅಭ್ಯಾಸವೂ ಕಡ್ಡಾಯ. ಕೋವಿ ಹಿಡಿದವನು ಬಂದನೆಂದು ಭಾವಿಸಿ, ದೀಪ ಆರಿಸಿ, ಬಾಗಿಲು ಹಾಕಿ, ಕಿಟಕಿಗೆ ಕಾಣದ ಮೂಲೆಯಲ್ಲಿ ಮಕ್ಕಳು ಉಸಿರು ಬಿಗಿಹಿಡಿದು ಕೂರಬೇಕು. 2012ರ ಡಿಸೆಂಬರಿನಲ್ಲಿ ಕನೆಕ್ಟಿಕಟ್ ಸಂಸ್ಥಾನದ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಎಳೆಯ ಮಕ್ಕಳೂ ಆರು ಮಂದಿ ಸಿಬ್ಬಂದಿಯೂ ಹತರಾದುದನ್ನು ನಾವು ಪತ್ರಿಕೆಯಲ್ಲಿ ಓದಿ ಮರೆತಿದ್ದೆವು. ಮೂವತ್ತೈದು ವರ್ಷ ಮಕ್ಕಳಿಗೆ 'ಗಟ್ಟಿಯಾಗಿ ಹೇಳು' ಎಂದು ಕಲಿಸಿದವರಿಗೆ, ತರಗತಿಯಲ್ಲಿ ಸದ್ದಿಲ್ಲದಿರುವುದೇ ಪಾಠವಾದುದನ್ನು ಕಂಡು ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಅಳಿಯಂದಿರಿಗೆ ನಮ್ಮ ತೀರ್ಪು ಹೇಳಿದೆವು. ಕೊಡಗಿನ ಮನೆಯ ಕೋವಿ ಮನೆಯದು. ಅದು ಎಲ್ಲಿದೆ, ಯಾರು ಮುಟ್ಟಬಹುದು, ಯಾವಾಗ ಹಾರುವುದು ಎಂಬುದನ್ನು ಹಿರಿಯರಿಂದ ಹಿಡಿದು ತೊಟ್ಟಿಲ ತಾಯಿಯವರೆಗೆ ಎಲ್ಲರೂ ಬಲ್ಲರು. ನಾಜರೆತ್ತಿನ ಹಿರಿಯರ ರೈಫಲಿಗೂ ತಂದೆಯ ಕೈಯ ಶಿಕ್ಷಣವಿದೆ. ನೀವು ತರುವ ಪಿಸ್ತೂಲು ಅಂಜಿಕೆಯಿಂದ ತಂದದ್ದು. ಹೆಂಡತಿ ಒಲ್ಲದೆ, ಮಗನಿಗೆ ತಿಳಿಯದಂತೆ ಮೆತ್ತೆಯ ಮಗ್ಗುಲಲ್ಲಿ ಇರತಕ್ಕದ್ದು. ಬೇಡ. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. "ಕಳ್ಳ ಬಂದ ರಾತ್ರಿ ತಾವು ಇಲ್ಲಿರುವುದಿಲ್ಲವಲ್ಲ" ಎಂದಷ್ಟೇ ಅಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ನಾವು ಫೆಬ್ರವರಿಯಲ್ಲಿ ಹೊರಡುವಾಗ ಅವರ ಅರ್ಜಿ ಕಂಪ್ಯೂಟರಿನಲ್ಲಿ ಅರ್ಧ ತುಂಬಿ ನಿಂತಿತ್ತು. ಸಾಕ್ಷಿ ಹೇಳುವ ಇಬ್ಬರ ಹೆಸರಿನ ಜಾಗ ಖಾಲಿಯಿತ್ತು. ಈಚೆಗೆ ಫೋನಿನಲ್ಲಿ ವಿಚಾರಿಸಿದಾಗಲೂ ಅದು ಹಾಗೆಯೇ ಇದೆಯೆಂದರು. ಈ ನಡುವೆ ಮಗಳು ಒಂದು ನಾಯಿಯನ್ನು ತಂದಿರುವಳು. ರಾತ್ರಿ ಎಲೆ ಬಿದ್ದರೂ ಬೊಗಳುವುದಂತೆ. ಅದಕ್ಕೂ ಅಲ್ಲಿ ಲೈಸೆನ್ಸು ಬೇಕಂತೆ. ಅದನ್ನು ಮಾತ್ರ ಅಳಿಯಂದಿರು ಮೂರೇ ದಿನದಲ್ಲಿ ಮಾಡಿಸಿದರು.