ಅಲೋಶಿಯಸ್ ಚಾವಣಿಯ ಕೆಳಗೆ

ನಮ್ಮ ತಿಳವಳ್ಳಿಯ ಶಾಂತೇಶ್ವರ ಗುಡಿ 1238ರದ್ದು. ಅದನ್ನ ನೋಡ್ತಾ ಬೆಳೆದವರಿಗೆ 1880 ಅಂದ್ರೆ ಮೊನ್ನೆ ಮೊನ್ನೆಯ ಮಾತು! ಆ ವರ್ಷ ಜೆಸ್ಯೂಟ್ ಪಾದ್ರಿಗಳು ಮಂಗಳೂರಿನಲ್ಲಿ ಗಂಡುಹುಡುಗರಿಗಾಗಿ ಸಂತ ಅಲೋಶಿಯಸ್ ಸಂಸ್ಥೆ ತೆರೆದರು.

ಅಲ್ಲಿನ ಚಾಪೆಲ್ ತುಂಬ ಇಟಲಿಯ ಅಂತೋನಿಯೊ ಮೊಸ್ಕೆನಿ 1900ರ ಸುಮಾರಿಗೆ ಬರೆದ ಚಿತ್ರಗಳು. ಚಾವಣಿಯಲ್ಲಿ ಅಲೋಶಿಯಸ್ ಗೊನ್ಜಾಗನ ಬದುಕು: ದೊಡ್ಡ ಮನೆತನದ ಹಿರಿಮಗ, ವಾರಸುದಾರಿಕೆ ಬಿಟ್ಟುಕೊಟ್ಟವ, ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಆರೈಕೆಗೆ ನಿಂತು 1591ರಲ್ಲಿ, ಬರೀ 23ರ ಹರೆಯದಲ್ಲಿ ತೀರಿಕೊಂಡವ. ಕೋವಿಡ್ ಕಂಡ ಹುಡುಗರಿಗೆ ಇದಕ್ಕಿಂತ ಹತ್ತಿರದ ಕತೆ ಬೇಕೆ? ಆದರೆ ಹಳೆ ವಿದ್ಯಾರ್ಥಿಗಳು ಸೇರಿದಲ್ಲಿ (ಯಾವ ಶಾಲೆಯವರೇ ಇರಲಿ) ಮಾತೆಲ್ಲ ಕಟ್ಟಡ, ಗಂಟೆ, ಮೇಷ್ಟ್ರ ಬೆತ್ತದ್ದೇ.

ಚಿತ್ರ ಮಾಸಿದರೆ ತಜ್ಞರು ಬರುತ್ತಾರೆ. 1990ರ ದಶಕದಲ್ಲಿ ಪರಂಪರೆ ಉಳಿಸೋ ಸಂಸ್ಥೆ ಇಂಟ್ಯಾಕ್‌ನವರು ಬಂದು ಸರಿಪಡಿಸಿದರು ಕೂಡ. ಆದರೆ ಗಂಡುಹುಡುಗರಿಗೆ ಮಾತ್ರ ಅನ್ನೋ ಪದ್ಧತಿ ಬದಲಿಸೋದು ಅಷ್ಟು ಸಲೀಸಲ್ಲ. ಕಾಲೇಜಿಗೆ ಹುಡುಗಿಯರು ಬಂದದ್ದು 1986ರಲ್ಲಿ, ಸಂಸ್ಥೆಗೆ ನೂರು ತುಂಬಿದ ಮೇಲೆ. 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಪಟ್ಟವೂ ಸಿಕ್ಕಿತು. ನನ್ನ ಕೇಳಿದ್ರೆ 1986ರದ್ದೇ ದೊಡ್ಡ ಸುದ್ದಿ ನೋಡ್ರಿ. ಅದಕ್ಕಷ್ಟು ತಡ ಆಗಬಾರದಿತ್ತು.