ಯೆಜ್ಡಿಗೆ ಕತ್ತು ನೋವು

ಅಪ್ಪನ ಯೆಜ್ಡಿಗೆ ಕತ್ತು ಹಿಡಿದುಕೊಂಡಿದೆ. ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಗಾಲಿ ಎತ್ತಿ ಹ್ಯಾಂಡಲ್ ಹೊರಳಿಸಿದರೆ ನೇರಕ್ಕೆ ಬಂದ ಕೂಡಲೇ ಟಕ್ ಎಂದು ಕೂತುಬಿಡುತ್ತದೆ. ಫೋರ್ಕ್ ಹಿಡಿದು ಹಿಂದೆ ಮುಂದೆ ಜಗ್ಗಿದರೆ ಕಟಕಟ. ಹ್ಯಾಂಡಲ್ ಹೊರಳಲು ಇರುವ ಬೇರಿಂಗು, ಅಂದರೆ ಕೋನ್ ಸೆಟ್, ಹೋಗಿದೆ ಎನ್ನಲು ಇನ್ನೇನು ಸಾಕ್ಷಿ ಬೇಕು?

ಗಾಡಿಯ ತವರು ಮೈಸೂರಿನ ಯಾದವಗಿರಿ. ಅಲ್ಲಿ ಇರಾನಿ ಕುಟುಂಬದವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಜೆಕೊಸ್ಲೊವಾಕಿಯಾದಿಂದ ಬಂದ ಜಾವಾ ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎನಿಸಿಕೊಂಡಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ತವರು ಮುಚ್ಚಿದ ಮೇಲೆ ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯೇ ಗತಿ.

ಬಿಚ್ಚಿ ನೋಡಿದೆವು. ಕೆಳಗಿನ ರೇಸಿನಲ್ಲಿ, ಅಂದರೆ ಬಾಲ್ಸ್ ಕೂರುವ ಉಕ್ಕಿನ ಬಳೆಯಲ್ಲಿ, ಅವು ಕೂತ ಕಡೆಯೆಲ್ಲ ಸಾಲು ಗುಳಿ. ಈ ಬೇರಿಂಗು ಗಾಲಿಯದರಂತೆ ಸುತ್ತುವುದಿಲ್ಲ, ಅತ್ತಿತ್ತ ಒಂದಿಷ್ಟು ಹೊರಳುತ್ತದಷ್ಟೆ. ದಾರಿಯಲ್ಲಿ ಹ್ಯಾಂಡಲ್ ಬಹುಪಾಲು ನೇರವೇ ಇರುವುದರಿಂದ ಪ್ರತಿ ಗುಂಡಿಯ ಪೆಟ್ಟೂ ಅದದೇ ಜಾಗಕ್ಕೆ ಬೀಳುತ್ತದೆ. ಗ್ರೀಸು ಪಕ್ಕಕ್ಕೆ ಸರಿದು ಉಕ್ಕು ಉಕ್ಕನ್ನೇ ಕುಟ್ಟುತ್ತದೆ. ಸ್ವೀಡನ್ನಿನ ಬ್ರಿನೆಲ್ 1900ರಲ್ಲಿ ಲೋಹದ ಗಡಸುತನ ಅಳೆಯಲು ಒಂದು ಉಪಾಯ ತೋರಿಸಿದ: ಗಟ್ಟಿ ಗುಂಡನ್ನು ಒತ್ತುವುದು, ಬಿದ್ದ ಗುಳಿಯನ್ನು ಅಳೆಯುವುದು. ಆ ಪ್ರಯೋಗವನ್ನು ನಮ್ಮ ಬಡಾವಣೆಯ ರಸ್ತೆ ವರ್ಷಗಟ್ಟಲೆ ಪುಕ್ಕಟೆಯಾಗಿ ಮಾಡಿಕೊಟ್ಟಿದೆ.

"ಟೇಪರ್ ಹಾಕಿಸ್ಬಿಡಿ ಸಾರ್, ಮತ್ತೆ ಈ ಕಡೆ ತಿರುಗಿ ನೋಡೋದೇ ಬೇಡ" ಎಂದರು ಮೆಕ್ಯಾನಿಕ್. ಅವರ ಮಾತು ಸುಳ್ಳಲ್ಲ. ಬಾಲು ರೇಸನ್ನು ತಾಗುವುದು ಒಂದು ಚುಕ್ಕೆಯಲ್ಲಿ. ಓರೆಯಾದ ರೋಲರ್ ತಾಗುವುದು ಒಂದು ಗೆರೆಯುದ್ದಕ್ಕೂ. ಭಾರ ಹಂಚಿಹೋಗುತ್ತದೆ, ಗುಳಿ ಬೀಳುವುದು ಕಡಿಮೆ. ಅಮೆರಿಕದಲ್ಲಿ ಸಾರೋಟು ಮಾಡುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಇಂಥ ಬೇರಿಂಗಿಗೆ ಪೇಟೆಂಟ್ ಪಡೆದ. ಕುದುರೆಗಾಡಿಗೆ ಹುಟ್ಟಿದ್ದು ಯೆಜ್ಡಿಗೆ ಬಂದರೆ ಅವಮಾನವೇನಿಲ್ಲ.

ಆದರೆ ಟೇಪರಿನ ಎತ್ತರ ಬೇರೆ. ಒಂದೆರಡು ಮಿಲಿಮೀಟರ್ ಹೆಚ್ಚಾದರೂ ಮೇಲಿನ ನಟ್ಟಿಗೆ ಹಿಡಿಯಲು ಥ್ರೆಡ್ ಸಾಲದು. ಕಡಿಮೆಯಾದರೆ ವಾಷರ್ ತುರುಕಬೇಕು. ತುಸು ಬಿಗಿ ಹೆಚ್ಚಾದರೆ ಗಾಡಿ ನೇರ ಹೋಗದೆ ಅತ್ತಿತ್ತ ತೂಗುತ್ತದೆ. ಬಾಲ್ಸ್ ಅಷ್ಟು ಮುನಿಸಿಕೊಳ್ಳುವುದಿಲ್ಲ. ಇಷ್ಟನ್ನೂ ಕೇಳಿಸಿಕೊಂಡ ಅಪ್ಪ, "ಐವತ್ತು ದಾಟಿಸದವನಿಗೆ ಟೇಪರ್ ಯಾಕೋ?" ಎಂದು ಪೇಪರ್ ಮಡಿಸಿದರು. ನನ್ನ ತೀರ್ಪೂ ಅದೇ. ದಿನಾ ದೂರ ಓಡಿಸುವವರು, ಅಳತೆ ಬಲ್ಲ ಮೆಕ್ಯಾನಿಕ್ ಇದ್ದವರು ಟೇಪರ್ ಹಾಕಿಸಲಿ. ಭಾನುವಾರದ ಯೆಜ್ಡಿಗೆ ಬಾಲ್ಸೇ ಸಾಕು.

ಯಾವುದೇ ಹಾಕಿಸಿ, ಹಳೆ ರೇಸಿಗೆ ಹೊಸ ಬಾಲ್ಸ್ ಮಾತ್ರ ತುಂಬಿಸಬೇಡಿ. ಹಳೆ ಗುಳಿಗೇ ಅವೂ ಹೋಗಿ ಕೂರುತ್ತವೆ. ಮೇಲಿನದು, ಕೆಳಗಿನದು ಪೂರ್ತಿ ಸೆಟ್ ಕೊಳ್ಳಿ. ಅಂಗಡಿಗೆ ಹೋಗುವಾಗ ಬಿಚ್ಚಿದ ರೇಸನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಹೊಸದರ ಪಕ್ಕ ಇಟ್ಟು ಅಳೆದ ಮೇಲೇ ದುಡ್ಡು ಕೊಡಿ.